ಗೌಡರ ತೂಕ

ಗಂಡನ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನೆಂಟರೆಲ್ಲ ಗದಗಿನ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಗುರುದೇವಿ ಒಂದೇ ಲೋಟ ಕಾಫಿ ಬೆರೆಸಿ, ಕುಡಿಯುವುದನ್ನು ಮರೆತು ಕೂತಿದ್ದಳು. ಭಾನುವಾರ. ಬಾಗಿಲು ತಟ್ಟಿದವರು ಕೆಳಗಿನ ಮನೆಯ ಕೆಂಚಪ್ಪಗೌಡರು, ಮನೆಯ ಮಾಲೀಕರು. ಅನ್ನಪೂರ್ಣೇಶ್ವರಿ ನಗರ ರಾಗಿ ಹೊಲವಾಗಿದ್ದ ಕಾಲದವರು. ಹೊಲ ಸೈಟುಗಳಾದವು, ಗೌಡರಿಗೆ ಹೊಟ್ಟೆ ಬಂತು.

"ಊಟ ಗೀಟ ಮಾಡ್ತಾ ಇದೀಯೇನಮ್ಮಣ್ಣಿ?"

"ಹ್ಞೂಂ ಗೌಡ್ರೇ."

"ಧೈರ್ಯವಾಗಿರ್ಬೇಕು ಕಣಮ್ಮ."

ಹೇಳಿ ಮುಗಿಸಿದರೂ ಗೌಡರು ಹೊರಡಲಿಲ್ಲ. ಕಣ್ಣು ಮಾತ್ರ ಮಂಚದ ಕೆಳಗೆ ಜಾರಿ ಜಾರಿ ಹೋಗುತ್ತಿತ್ತು. ಅಲ್ಲಿ ಅವರದೇ ತೂಕದ ಮಿಷನ್ ಇತ್ತು.

"ತಪ್ಪು ತಿಳ್ಕೋಬೇಡ. ಹೋದ ಭಾನುವಾರ ತಪ್ಪೋಯ್ತು. ಈ ಭಾನುವಾರಾನೂ ತಪ್ಪಿದ್ರೆ ಲೆಕ್ಕ ಸಿಗಲ್ಲ. ಒಂಚೂರು ಓದಿಬಿಡ್ತೀಯಾ?"

ಗುರುದೇವಿ ಬಗ್ಗಿ ಮಂಚದ ಕೆಳಗಿನಿಂದ ಮಿಷನ್ ಎಳೆದಳು.

ಆ ಮಿಷನ್ನನ್ನು ಅವಳ ಗಂಡ ಶಿವಯೋಗಿ ಎಂಟು ತಿಂಗಳ ಹಿಂದೆ ಗೌಡರಿಂದ ಈಸಿಕೊಂಡು ಬಂದಿದ್ದ. ಅವನೂ ವಾಪಸ್ಸು ಕೊಡಲಿಲ್ಲ, ಅವರೂ ಕೇಳಲಿಲ್ಲ. ಮಿಷನ್ ಮೇಲೆ ನಿಂತರೆ ಗೌಡರಿಗೆ ಹೊಟ್ಟೆ ಅಡ್ಡ ಬಂದು ಮುಳ್ಳು ಕಾಣುತ್ತಿರಲಿಲ್ಲ. ಹೆಂಡತಿ ಅಕ್ಕಯ್ಯಮ್ಮನನ್ನು ಕರೆದು ಓದಿಸಲು ನಾಚಿಕೆ. ಹಾಗಾಗಿ ಪ್ರತಿ ಭಾನುವಾರ ಮೆಟ್ಟಿಲು ಹತ್ತಿ ಬಂದು ನಿಲ್ಲುತ್ತಿದ್ದರು, ಶಿವಯೋಗಿ ಬಗ್ಗಿ ಓದುತ್ತಿದ್ದ. ವಿಜಯನಗರದ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದವನು, ಸಕ್ಕರೆಗೆ ಬದಲಾಗಿ ಕಾಫಿಗೆ ಹಾಕುವ ಪುಟಾಣಿ ಮಾತ್ರೆಗಳ ಡಬ್ಬಿಯನ್ನೂ ತಂದುಕೊಟ್ಟ. ಮೊದಲ ವಾರ ಗೌಡರ ಆಸೆಗಣ್ಣು ನೋಡಿ ತಮಾಷೆಗೆ ಅರ್ಧ ಕೆಜಿ ಇಳಿಸಿ ಓದಿದ. ಗೌಡರು ಆ ಸಂತೋಷಕ್ಕೆ ಬೇಕರಿಗೆ ಹೋಗಿ ಕಾಲು ಕೆಜಿ ಮೈಸೂರು ಪಾಕು ತಿಂದು ಬಂದರು.

"ನಿಜ ಹೇಳ್ಬಿಡ್ರೀ," ಎಂದು ಗುರುದೇವಿ ಆಗಲೇ ಹೇಳಿದ್ದಳು.

"ಇಳಿಸಿಬಿಟ್ಟೀನಿ. ಈಗ ಏರಸೋದು ಹ್ಯಾಂಗ ಹೇಳು?" ಎಂದು ಅವನು ಅಡುಗೆಮನೆಯಲ್ಲಿ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕಿದ್ದ.

ಆಮೇಲೆ ವಾರವಾರವೂ ಇಳಿಯಿತು. ಗೌಡರು ಕಾಫಿಗೆ ಎರಡು ಮಾತ್ರೆ ಹಾಕುತ್ತಿದ್ದರು. ಒಬ್ಬಟ್ಟು ತಿಂದರೆ ಮೇಲೆ ಇನ್ನೆರಡು ಮಾತ್ರೆ ನೀರಿನಲ್ಲಿ ನುಂಗಿ, "ಕ್ಯಾನ್ಸಲ್," ಎನ್ನುತ್ತಿದ್ದರು. ಪಾರ್ಕಿನಲ್ಲಿ ವಾಕಿಂಗ್ ಬಂದವರಿಗೆಲ್ಲ ಉಪದೇಶ ಬೇರೆ. ಪ್ಯಾಂಟು ಬಿಗಿಯಾದಾಗ ಬಟ್ಟೆ ಕದ್ದನೆಂದು ಟೈಲರ್ ಮುನಿರಾಜುವನ್ನು ಬೈದರು.

ನಾಯಂಡಹಳ್ಳಿಯ ಹತ್ತಿರ ಲಾರಿ ಗುದ್ದಿ ಶಿವಯೋಗಿ ಹೋದ ದಿನ, ಮಣ್ಣು ಮಾಡುವಾಗ, ಗೌಡರು ಬೀದಿಯವರೆಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತಿದ್ದರು. "ಸುಳ್ಳು ಅನ್ನೋದೇ ಗೊತ್ತಿರ್ಲಿಲ್ಲ ಕಣ್ರಪ್ಪಾ ಆ ಹುಡುಗಂಗೆ!"

ಈಗ ಅವರು ಮಿಷನ್ ಮೇಲೆ ನಿಂತು, ಉಸಿರು ಬಿಗಿಹಿಡಿದು, ಸೂರು ನೋಡುತ್ತಿದ್ದರು. ಮುಳ್ಳು ತೊಂಬತ್ತನಾಲ್ಕರ ಮೇಲಿತ್ತು. ಶಿವಯೋಗಿ ಕೊನೆಯ ಸಲ ಓದಿದ್ದು ಎಂಬತ್ತಾರು. ನಿಜ ಹೇಳಿದರೆ ಸತ್ತವನು ಸಂಜೆಯೊಳಗೆ ಪಾರ್ಕಿನ ತುಂಬ ಸುಳ್ಳುಗಾರನಾಗುತ್ತಾನೆ. ಹೇಳದಿದ್ದರೆ ಗೌಡರು ಒಬ್ಬಟ್ಟು ನುಂಗುತ್ತಲೇ ಇರುತ್ತಾರೆ.

"ಎಂಬತ್ತೇಳು," ಎಂದಳು.

"ಒಂದು ಕೆಜಿ ಏರಿದ್ಯಾ! ಮಾತ್ರೆ ಒಂದಿನಾನೂ ಬಿಟ್ಟಿಲ್ವಲ್ಲಮ್ಮ?"

"ಜೊತೇಲಿ ಏನೇನು ತಿಂದ್ರಿ?"

"ಏನಿಲ್ಲ. ನೆನ್ನೆ ನಿಮ್ಮನೇಲೇ ನಾಲ್ಕು ಹೋಳಿಗೆ. ಬೇಡ ಅನ್ನೋಕಾಗುತ್ತಾ, ಕಾರ್ಯದ ಮನೆ. ಮೇಲೆ ನಾಲ್ಕು ಮಾತ್ರೆ ನುಂಗಿದೀನಿ."

ಜ್ಞಾನಭಾರತಿಯಲ್ಲಿ ಎರಡು ವರ್ಷ ಜೀವರಸಾಯನ ಓದಿದ್ದಳು ಗುರುದೇವಿ. ಅದೆಲ್ಲ ಇಲ್ಲಿಗೆ ಬೇಕಿರಲಿಲ್ಲ. "ಗೌಡ್ರೇ, ಮಾತ್ರೆ ಸಕ್ಕರೆ ಜಾಗದಲ್ಲಿ ಕೂರುತ್ತೆ, ಅಷ್ಟೇ. ಹೊಟ್ಟೆಗಿಳಿದ ಹೋಳಿಗೇನ ಹುಡುಕ್ಕೊಂಡು ಹೋಗಿ ಹಿಡಿಯಲ್ಲ."

"ಶಿವಯೋಗಿ ಹಂಗೇನೂ ಹೇಳ್ಲಿಲ್ಲ."

"ಮರ್ತಿರ್ಬೇಕು."

ಮುಂದಿನ ಭಾನುವಾರ ಅವಳು ಎಂಬತ್ತೇಳೂವರೆ ಎಂದಳು. ಅದರ ಮುಂದಿನ ವಾರ ಎಂಬತ್ತೆಂಟು. ಗೌಡರು ಹೆದರಿಹೋದರು. ಮೈಸೂರು ಪಾಕು ಬಿಟ್ಟರು, ಒಬ್ಬಟ್ಟು ಬಿಟ್ಟರು, ಮಾತ್ರೆ ಬರೀ ಕಾಫಿಗೆ ಉಳಿಯಿತು. ಬೆಳಿಗ್ಗೆ ಪಾರ್ಕಿನಲ್ಲಿ ಉಪದೇಶ ನಿಲ್ಲಿಸಿ ನಡೆಯತೊಡಗಿದರು. ಮಿಷನ್ನಿನ ಮುಳ್ಳು ಮೆಲ್ಲಗೆ ಇಳಿಯುತ್ತಿತ್ತು, ಗುರುದೇವಿಯ ಬಾಯಲ್ಲಿ ತೂಕ ಮೆಲ್ಲಗೆ ಏರುತ್ತಿತ್ತು.

"ಇದೆಂಥಾ ಅನ್ಯಾಯ!" ಗೌಡರು ಒಂದು ದಿನ ಗೋಳಾಡಿದರು. "ಅವನು ಓದುವಾಗ ತುಪ್ಪ ಸುರ್ಕೊಂಡು ತಿಂದ್ರೂ ಇಳೀತಿತ್ತು. ನೀನು ಓದಿದ್ರೆ ಮುದ್ದೆ ಸೊಪ್ಪಿನ್ಸಾರಿಗೂ ಏರುತ್ತೆ. ಎಲ್ಲಾ ಅವನ ಕೈಗುಣ ಕಣಮ್ಮಣ್ಣಿ."

ಗುರುದೇವಿ ತುಟಿ ಕಚ್ಚಿಕೊಂಡು ಮುಳ್ಳಿನ ಕಡೆಗೇ ನೋಡಿದಳು. ಹೆಚ್ಚು ಹೊತ್ತು ಬಗ್ಗಿಯೇ ಇದ್ದಳು.

"ಪ್ಯಾಂಟು ನೋಡಿದ್ರೆ ಜಾರ್ತಾ ಇದೆ," ಗೌಡರು ಮುಂದುವರಿಸಿದರು. "ಆ ಮುನಿರಾಜು, ಬೈದಿದ್ದಕ್ಕೆ ಹಟಕ್ಕೆ ಬಿದ್ದು ಜಾಸ್ತಿ ಬಟ್ಟೆ ಇಟ್ಟವ್ನೆ."

ನಡುವೆ ಒಂದು ಮದುವೆ ಊಟದ ವಾರ ಮುಳ್ಳು ಕದಲಲಿಲ್ಲ. ಅವಳೂ ಹೋದ ವಾರದ್ದನ್ನೇ ಹೇಳಿದಳು. ಒಂಬತ್ತನೆಯ ಭಾನುವಾರ ಬಗ್ಗಿ ನೋಡಿದಾಗ, ಹೇಳಬೇಕೆಂದುಕೊಂಡಿದ್ದುದೂ ಮುಳ್ಳು ತೋರಿಸಿದ್ದೂ ಒಂದೇ ಆಗಿತ್ತು.

"ತೊಂಬತ್ತೂವರೆ," ಎಂದಳು. ದನಿ ಸ್ವಲ್ಪ ಒಡೆಯಿತು. ಶಿವಯೋಗಿಗಾಗಿ ಮಾಡಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ.

"ಅಳ್ಬೇಡ ಕಣಮ್ಮ," ಗೌಡರು ಗಾಬರಿಯಾದರು. "ಅರ್ಧ ಕೆಜಿ ತಾನೇ? ಇಳಿಸ್ತೀನಿ."

ಅವರು ಕೆಳಗಿಳಿದ ಮೇಲೆ ಅವಳು ಮಿಷನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎದೆಗವಚಿಕೊಂಡು ಮೆಟ್ಟಿಲಿಳಿದಳು. ಅಕ್ಕಯ್ಯಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಇದು ನಿಮ್ದು ಅಮ್ಮ. ಅವರು ಈಸ್ಕೊಂಡಿದ್ರು."

"ಇಟ್ಕೊಳ್ಳೇ ತಾಯಿ. ಇವರಿಗೆ ಯಾರು ಓದ್ತಾರೆ?"

"ನೀವೇ ಓದಿ," ಎಂದು ಗುರುದೇವಿ ಅದನ್ನು ಅವರ ಮೊರದ ಪಕ್ಕದಲ್ಲಿ ಇಳಿಸಿದಳು. "ಇನ್ಮೇಲೆ ಯಾರು ಓದಿದ್ರೂ ಆಗುತ್ತೆ."