ವಾರಕ್ಕೊಂದು ಕೋಣೆ ಬೆಳೆದ ಬಂಗಲೆ

ಲೈನ್‌ಮನ್ ಶವಪೆಟ್ಟಿಗೆಯ ಮುಚ್ಚಳದ ಸಂದಿಗೆ ಹಾರೆ ತೂರಿಸಿದ. ಹಲ್ಲಿನ ಡಾಕ್ಟರು ಅವನ ಹಿಂದೆ ಗೂಟ ಎತ್ತಿ ನಿಂತರು. ಕಂದೀಲು ಅತ್ತಿಗೆಯ ಕೈಯಲ್ಲಿತ್ತು.

"ತಡಿ," ಡಾಕ್ಟರು ಅಂದರು. "ಪೆಟ್ಟಿಗೆ ಕೆಳಗೆ ನೋಡ್ದ್ಯಾ? ಹೋದ ಸಲದ ಆಟದಲ್ಲಿ ಅದು ಕೆಳಗಿಂದಲೇ ಬಂದಿತ್ತು."

"ನೋಡ್ದೆ. ಏನಿಲ್ಲ."

"ಮೇಲೆ?"

"ಕಂಬ ಹತ್ತೋನು ಡಾಕ್ಟ್ರೇ ನಾನು. ಮೇಲೆ ನೋಡದೆ ಕೆಲಸ ಶುರು ಮಾಡ್ತೀನಾ?"

"ದಾಳ ಹಾಕಣ್ಣ," ಅಂದೆ ನಾನು.

ಇಪ್ಪತ್ತು ಮುಖದ ದಾಳ ಮೇಜಿನ ಮೇಲೆ ಉರುಳಿ ಟೀ ಲೋಟಕ್ಕೆ ತಾಗಿ ನಿಂತಿತು. ಹದಿನೇಳು.

"ಮುಚ್ಚಳ ತೆರೀತು," ಅಂದೆ. "ಒಳಗೆ ಯಾರೂ ಇಲ್ಲ. ದಿಂಬಿನ ಮೇಲೆ ಧೂಳಿದೆ. ಯಾರೋ ಮಲಗೆದ್ದ ಗುರುತು ಕೂಡ ಇಲ್ಲ."

ನಾವಿದ್ದದ್ದು ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಭಾನುವಾರ ಕ್ಲಿನಿಕ್ಕಿಗೆ ರಜೆ. ಪರದೆ ಎಳೆದರೆ ಮಟಮಟ ಮಧ್ಯಾಹ್ನವೂ ಸಂಜೆಯಾಗುತ್ತದೆ. ಲವಂಗದೆಣ್ಣೆಯ ವಾಸನೆ ಮಾತ್ರ ಹೋಗುವುದಿಲ್ಲ. ಎಕ್ಸ್-ರೇ ನೋಡುವ ಬೆಳಕಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಮಲಗಿಸಿ, ತೆಳು ಹಾಳೆಯಲ್ಲಿ ಬರೆದ ಬಂಗಲೆಯ ನಕ್ಷೆಯನ್ನು ಅದರ ಮೇಲೆ ಹಾಸಿದ್ದೆ. ಕೆಳಗಿನಿಂದ ಬೆಳಕು ಬಿದ್ದು ಬಂಗಲೆಯ ಗೋಡೆಗಳು ಮೂಳೆಗಳ ಹಾಗೆ ಕಾಣುತ್ತಿದ್ದವು. ಆಟ ನಡೆಸುವವಳು ನಾನು. ಬಂಗಲೆ ನನ್ನದು, ಕತ್ತಲೆ ನನ್ನದು, ರಕ್ತ ಕುಡಿಯುವ ಯಜಮಾನನೂ ನನ್ನವನೇ. ಅದರೊಳಗೆ ತಂತಮ್ಮ ಪಾತ್ರಗಳಾಗಿ ನಡೆಯುವವರು ಈ ಮೂವರು. ಏನು ಮಾಡುತ್ತೇವೆಂದು ಅವರು ಹೇಳಬೇಕು, ಆಯಿತೋ ಇಲ್ಲವೋ ಎಂದು ದಾಳ ಹೇಳಬೇಕು.

ಹಳೆಯ ಹುಲಿಗಳನ್ನು ಹೆದರಿಸುವುದು ಸುಲಭವಲ್ಲ. ಬಾಗಿಲ ಹಿಂದೆ ಉಸಿರಾಟ ಕೇಳಿಸಿತು ಎಂದರೆ ಇವರು ಕೀಲು ಯಾವ ಕಡೆಗಿದೆ ಎಂದು ಕೇಳುತ್ತಾರೆ. ಒಮ್ಮೆ ಛಾವಣಿಯಿಂದ ರಕ್ತ ತೊಟ್ಟಿಕ್ಕಿಸಿದ್ದೆ. ಲೈನ್‌ಮನ್ ಅರ್ಧ ಗಂಟೆ ಪೈಪು ಹುಡುಕಿದ. ಯಜಮಾನ ಕೋರೆಹಲ್ಲು ತೋರಿಸಿದ ದಿನ ಡಾಕ್ಟರು, "ಅಷ್ಟುದ್ದದ ಹಲ್ಲಿಗೆ ಬೇರು ಮೂಗಿನ ತನಕ ಹೋಗ್ಬೇಕು. ಅವನಿಗೆ ಸದಾ ತಲೆನೋವಿರುತ್ತೆ, ಪಾಪ," ಎಂದಿದ್ದರು. ಆಮೇಲೆ ಅವನಿಗೆ ಯಾರೂ ಹೆದರಲಿಲ್ಲ.

ನನಗೆ ಈ ಆಟ ಕಲಿಸಿದವರು ಅತ್ತಿಗೆ. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಒಂದು ಡಬ್ಬಿ ದಾಳಗಳಿದ್ದವು. ಅಣ್ಣ ಎರಡು ಸಲ ಕೂತು, ಇದು ಕೆಲಸವಿಲ್ಲದವರ ಆಟ ಎಂದು ಎದ್ದ. ನಾನು ಏಳಲಿಲ್ಲ. ಬಸ್ಸು ಓಡಿಸಿ ದಣಿದು ಬಂದ ಅತ್ತಿಗೆ ಮುಖ ತೊಳೆದು ನನ್ನ ಮಂಚದ ತುದಿಯಲ್ಲಿ ಕೂತು, "ಎಲ್ಲಿದ್ವಿ ನಾವು?" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಇಡೀ ದಿನ ಕಾದಿರುತ್ತಿದ್ದೆ.

ಅಣ್ಣ ಅತ್ತಿಗೆ ಬೇರೆಯಾದಾಗ ಮಂಚ ಯಾರಿಗೆ, ಫ್ರಿಜ್ಜು ಯಾರಿಗೆ ಎಂದೆಲ್ಲ ಹಿರಿಯರು ಕೂತು ತೀರ್ಮಾನಿಸಿದರು. ನಾನು ಯಾರಿಗೆ ಎಂದು ಯಾರೂ ಕೇಳಲಿಲ್ಲ. ಅಣ್ಣ ಬೇರೆ ಊರಿಗೆ ಹೋದ. ಅಮ್ಮನ ಬಾಯಲ್ಲಿ ಅತ್ತಿಗೆ ಈಗ 'ಆ ಡ್ರೈವರಮ್ಮ'. ನನಗೆ ಉಳಿದದ್ದು ಭಾನುವಾರದ ಈ ಮೇಜು.

ಅದಕ್ಕೇ ಆಟ ಮುಗಿಯಬಾರದಾಗಿತ್ತು. ಶವಪೆಟ್ಟಿಗೆಯ ಕೋಣೆಗೆ ಅವರು ಯಾವಾಗಲೋ ತಲುಪಬೇಕಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾ ನಾನು ವಾರವಿಡೀ ಹೊಸ ಕೋಣೆ ಯೋಚಿಸುತ್ತಿದ್ದೆ. ಗಡಿಯಾರಗಳ ಕೋಣೆ. ಯಾರೂ ಮಲಗದ ತೊಟ್ಟಿಲ ಕೋಣೆ. ಕನ್ನಡಿಗಳಿಗೆ ಬಟ್ಟೆ ಹೊದಿಸಿದ ಪಡಸಾಲೆ. "ಬಸುರಿ ಬಂಗಲೆ ಕಣಮ್ಮ ಇದು," ಎಂದು ಲೈನ್‌ಮನ್ ನಗುತ್ತಿದ್ದ. "ವಾರಕ್ಕೊಂದು ಕೋಣೆ ಹೆರುತ್ತೆ." ಅತ್ತಿಗೆ ನಗುತ್ತಿರಲಿಲ್ಲ. ನಕ್ಷೆ ನೋಡುತ್ತಿದ್ದರು.

ಇವತ್ತು ಬಂದವರೇ ಚಪ್ಪಲಿ ಬಿಡುತ್ತಾ ಹೇಳಿದ್ದರು: "ಇವತ್ತು ಮುಗಿಸಿಬಿಡು ಪುಟ್ಟಿ. ಮುಂದಿನ ವಾರದಿಂದ ಭಾನುವಾರ ನಂಗೆ ಡ್ಯೂಟಿ."

ಖಾಲಿ ಪೆಟ್ಟಿಗೆ ಅದಕ್ಕೇ. ಯಜಮಾನನ ಎದೆಗೆ ಗೂಟ ಹೊಡೆದು ಕೊಂದರೆ ಆಟ ಮುಗಿಯುತ್ತಿತ್ತು. ನಾನು ಅವನನ್ನೇ ತೆಗೆದುಹಾಕಿದೆ.

"ಹಾಗಾದ್ರೆ ನಮ್ಮನ್ನ ಇಷ್ಟು ದಿನ ಸುತ್ತಾಡಿಸಿದ್ದು ಯಾರು?" ಲೈನ್‌ಮನ್ ಕೇಳಿದ.

"ನಿಮ್ಮ ಹಿಂದೆ ಬಾಗಿಲ ಹತ್ರ ಒಬ್ಬಳು ಹುಡುಗಿ ನಿಂತಿದಾಳೆ. ಕಂದೀಲು ಹಿಡಿದ್ರೆ ಅವಳ ನೆರಳು ಬೀಳಲ್ಲ. ಯಜಮಾನನ ತಂಗಿ."

ಡಾಕ್ಟರು ಗೂಟ ತಿರುಗಿಸುವ ಹಾಗೆ ಪೆನ್ಸಿಲ್ ತಿರುಗಿಸಿದರು. ಹಲ್ಲಿನ ಬಗ್ಗೆ ಕೇಳಲಿಲ್ಲ.

ನಾನು ಹುಡುಗಿಯ ದನಿಯಲ್ಲಿ ಮಾತಾಡಿದೆ. ದನಿ ಬದಲಿಸಬೇಕಾಗಲಿಲ್ಲ.

"ಅಣ್ಣ ಹೋಗಿ ತುಂಬಾ ದಿನ ಆಯ್ತು. ಅವನು ಯಾರನ್ನೂ ಕಚ್ಚಲಿಲ್ಲ, ನೀವು ನೋಡಿದ ಕೋರೆಹಲ್ಲೂ ನಾನು ಕಟ್ಟಿದ ಕಥೆ. ಕೋಣೆಗಳನ್ನೂ ನಾನೇ ಕಟ್ಟಿದ್ದು. ಕೋಣೆ ಮುಗಿದ್ರೆ ನೀವೆಲ್ಲ ಹೋಗಿಬಿಡ್ತೀರಲ್ಲ."

ಇಷ್ಟು ದಿನದಲ್ಲಿ ಮೊದಲ ಸಲ ಮೂವರೂ ನಿಜವಾಗಿ ಹೆದರಿದ್ದರು. ಇದನ್ನು ಸಾಧಿಸಿದ್ದಕ್ಕೆ ನನಗೆ ಹೆಮ್ಮೆಯಾಗಬೇಕಿತ್ತು.

"ಈಗ ಗೂಟ ಹಾಕೋಣ್ವಾ, ಬೇಡ್ವಾ?" ಲೈನ್‌ಮನ್ ಪಿಸುಗುಟ್ಟಿದ.

"ಸುಮ್ನಿರಯ್ಯ," ಡಾಕ್ಟರು ಅಂದರು.

"ಅವಳು ಕಂದೀಲು ಹಿಡಿದೋರ ಕಡೆ ಮಾತ್ರ ನೋಡ್ತಿದಾಳೆ," ಎಂದು ನಾನು ಮುಂದುವರಿಸಿದೆ. "ಮಹಡಿ ಮೇಲಿನ ದೊಡ್ಡ ಕೋಣೆ ನಿಮಗೇ ಇಟ್ಟಿದೀನಿ ಅಂತಾಳೆ. ಯಜಮಾನಿ ಆಗಿ ಅಲ್ಲ. ನೀವು ಯಾರಿಗೂ ಸಂಬಂಧದಲ್ಲಿ ಏನೂ ಆಗಬೇಕಾಗಿಲ್ಲ. ಸುಮ್ನೆ ಇರಿ ಸಾಕು, ಅಂತಾಳೆ."

ಅತ್ತಿಗೆ ಅಂಗೈಯನ್ನು ಮೇಜಿನ ಮೇಲೆ ಮಡಗಿದರು. ನಮ್ಮಲ್ಲಿ ಹಾಗೆ ಮಾಡಿದರೆ ಆಟದಿಂದ ಹೊರಗೆ ಬಂದು ಮಾತಾಡುತ್ತಿದ್ದೇವೆ ಎಂದರ್ಥ.

"ಪುಟ್ಟಿ, ಇದನ್ನ ಕೇಳ್ತಿರೋದು ಯಾರು?"

ದೆವ್ವ ಎಂದು ಹೇಳಬಹುದಿತ್ತು. ನಾನೂ ಅಂಗೈ ಮಡಗಿದೆ.

"ನಾನೇ, ಅತ್ತಿಗೆ. ಭಾನುವಾರ ಆಗದಿದ್ರೆ ಬೇರೆ ದಿನ ಆಡೋಣ. ನೀವು ಡ್ಯೂಟಿ ಮುಗಿಸಿ ಎಷ್ಟೊತ್ತಿಗೆ ಬಂದ್ರೂ ಸರಿ. ಇವರಿಬ್ಬರು ಬರದಿದ್ರೂ ಪರವಾಗಿಲ್ಲ."

"ನೋಡ್ರಿ ಡಾಕ್ಟ್ರೇ, ನಮ್ಮ ಬೆಲೆ," ಎಂದ ಲೈನ್‌ಮನ್. ಯಾರೂ ನಗದಿದ್ದಾಗ ಎದ್ದು ನೀರು ಕುಡಿಯಲು ಹೋದ.

"ಆ ಡ್ಯೂಟಿ ಯಾರೂ ಹಾಕಿದ್ದಲ್ಲ," ಅತ್ತಿಗೆ ಅಂದರು. "ನಾನೇ ಕೇಳಿ ಹಾಕಿಸ್ಕೊಂಡೆ."

"ಯಾಕೆ?"

"ನೀನು ಅತ್ತಿಗೆ ಅಂದಾಗೆಲ್ಲ ನಾನು ಮತ್ತೆ ನಿಮ್ಮನೆ ಹೊಸಿಲಲ್ಲಿ ನಿಂತ ಹಾಗಾಗುತ್ತೆ. ಅಲ್ಲಿಂದ ಹೊರಗೆ ಬರೋಕೆ ನಂಗೆ ಬಹಳ ಕಷ್ಟ ಆಯ್ತು ಕಣೇ. ನೀನು ವಾರ ವಾರ ಅದೇ ಮನೆ ಕಟ್ತಾ ಇದೀಯ."

"ಹಾಗಾದ್ರೆ ಹೆಸರು ಹಿಡಿದು ಕರೀತೀನಿ."

"ಕರಿ ನೋಡೋಣ."

ನಾನು ಬಾಯಿ ತೆರೆದೆ. ಆ ಹೆಸರು ನನಗೆ ಗೊತ್ತು. ಅವರ ಸಮವಸ್ತ್ರದ ಜೇಬಿನ ಮೇಲೆಯೇ ಬರೆದಿರುತ್ತದೆ. ನಾಲಿಗೆಗೆ ಮಾತ್ರ ಬರಲಿಲ್ಲ. ಅತ್ತಿಗೆ ಕಾದರು, ಸಿಗ್ನಲ್ಲಿನಲ್ಲಿ ಕಾಯುವ ಹಾಗೆ, ಸಿಟ್ಟಿಲ್ಲದೆ. ಆಮೇಲೆ ಅಂಗೈ ಎತ್ತಿದರು. ಮತ್ತೆ ಆಟದೊಳಗೆ ಬಂದಿದ್ದರು. ಕಂದೀಲು ಮತ್ತೆ ಅವರ ಕೈಯಲ್ಲಿತ್ತು.

"ಆ ಹುಡುಗಿ ಉತ್ತರಕ್ಕೆ ಕಾಯ್ತಿದಾಳೆ ತಾನೆ?"

"ಹೂಂ. ಬಾಗಿಲಿಗೆ ಅಡ್ಡ ನಿಂತಿದಾಳೆ." ದಾಳವನ್ನು ಅವರ ಕಡೆ ಸರಿಸಿದೆ. "ಹಾಕಿ. ಎರಡರ ಮೇಲೆ ಎಷ್ಟು ಬಿದ್ರೂ ನೀವು ಇರ್ತೀರಿ."

ಅತ್ತಿಗೆ ದಾಳ ಮುಟ್ಟಲಿಲ್ಲ.

"ಇದಕ್ಕೆ ದಾಳ ಬೇಡ," ಅಂದರು. "ನಾನಿಲ್ಲಿ ಇರಲ್ಲ."