ತಲೆ ಲೆಕ್ಕದ ಬಾಡಿಗೆ

ತೊಲೆಯಲ್ಲೊಂದು ಕಬ್ಬಿಣದ ಕೊಂಡಿ, ಹೊರಗೆ ಕಪ್ಪು, ಒಳಮೈ ಮಾತ್ರ ಸವೆದು ಬೆಳ್ಳಗೆ ಹೊಳೆಯುತ್ತಿದೆ, ಅದನ್ನೇ ನೋಡಬಾರದು, ನಲ್ಲಿ ನೋಡಬೇಕು, ಕಿಟಕಿ ನೋಡಬೇಕು, ಮನೆ ಕೇಳಲು ಬಂದವರು ನೋಡುವುದನ್ನು ನೋಡಬೇಕು — ದುಪಟ್ಟಾ ಮುಂದಕ್ಕೆ ಎಳೆದುಕೊಳ್ಳುತ್ತೇನೆ, ಹೊಟ್ಟೆಗೆ ನಾಲ್ಕು ತಿಂಗಳು, ಇನ್ನೂ ಕಾಣುವುದಿಲ್ಲ ಎನ್ನುತ್ತಾರೆ ನನ್ನ ಗಂಡ ನಾಸಿರ, ಗಂಡಸರಿಗೆ ಕಾಣುವುದಿಲ್ಲ, ಈ ಮನೆಯ ಒಡತಿ ಶಟ್ಟೆವ್ವನ ಕಣ್ಣು ಬೇರೆ. ಬೈಲಹೊಂಗಲದ ಬಾಡಿಗೆ ಈಗ ಬೆಳಗಾವಿಯದಕ್ಕೆ ಸಮ, ಕಾಲೇಜಿನ ಸುತ್ತ ಒಂದು ಮನೆಯನ್ನು ಮೂರಾಗಿ ಸೀಳಿ ಮಂಚಕ್ಕಿಷ್ಟು ಎಂದು ವಿದ್ಯಾರ್ಥಿಗಳಿಗೆ ಕೊಡುತ್ತಾರೆ, ನಮ್ಮ ಈಗಿನ ಮಾಲೀಕರಿಗೂ ಅದೇ ಆಸೆ, ತಿಂಗಳ ಕೊನೆಗೆ ಬಿಡಬೇಕು, ದೊಡವಾಡಕ್ಕೆ ಬಂದುಬಿಡು ಎನ್ನುತ್ತಾಳೆ ಅಮ್ಮಿ, ಅಲ್ಲಿಂದ ದಿನಾ ಬಸ್ಸಿನಲ್ಲಿ ನಿಂತು ಪಾಠ ಮಾಡಲು ಬರುವುದು, ಈ ಹೊಟ್ಟೆ ಹೊತ್ತು — ಬೇಡ. ಮೊನ್ನೆಯ ಮನೆಯವರು ಹೆಸರು ಕೇಳಿದರು, ಫಿರದೋಸ್ ಎಂದೆ, ಅಯ್ಯ, ನಿನ್ನೇ ಹೋತಲ್ರಿ ಮನಿ, ಎಂದರು, ಬಾಡಿಗೆಯ ಬೋರ್ಡು ಅವರ ಬೆನ್ನ ಹಿಂದೆಯೇ ತೂಗುತ್ತಿತ್ತು. ಶಟ್ಟೆವ್ವ ಹೆಸರಿಗೆ ಹೂಂ ಎಂದಳು, ಅಷ್ಟೇ, ಆಮೇಲೆ, ನಮ್ಮಲ್ಲಿ ತಲಿ ಲೆಕ್ಕ ತಂಗಿ, ನೀರು ವಾರಕ್ಕೊಮ್ಮಿ ಬರತೈತಿ, ಇಬ್ಬರಿಗೆ ಆರು ಸಾವಿರ, ಮೂರನೇದವ್ರು ಬಂದ್ರ ಮತ್ತೊಂದು ಸಾವಿರ, ಎಷ್ಟು ಮಂದಿ ನೀವು. ಇಬ್ಬರೇ ಎಂದೆ. ಸುಳ್ಳಲ್ಲ, ಇವತ್ತಿಗೆ ಸುಳ್ಳಲ್ಲ, ಆದರೆ ಆರರ ಮೇಲೆ ನಮ್ಮ ಕೈ ಏಳುವುದಿಲ್ಲ, ಅವಳಿಗೆ ಗೊತ್ತಾದ ದಿನ ಹಸುಗೂಸನ್ನು ಎತ್ತಿಕೊಂಡು ಮತ್ತೆ ಬೋರ್ಡು ಓದುತ್ತ ಓಣಿ ಓಣಿ — ಕಣ್ಣು ಮತ್ತೆ ಕೊಂಡಿಗೇ ಹೋಯಿತು. ಹೇಳಿದರೆ ಮನೆ ಹೋಗುತ್ತದೆ, ಹೇಳದಿದ್ದರೆ ದಿನವೂ ಈ ದುಪಟ್ಟಾ. ಅವ್ವಾರ, ಯಾರದೋ ದನಿ, ನನ್ನದೇ, ದೀಪಾವಳಿ ಹೊತ್ತಿಗೆ ಮೂರು ಮಂದಿ ಆಗ್ತೇವ್ರಿ. ಎಲೆ ಅಡಿಕೆ ಕುಟ್ಟುತ್ತಿದ್ದ ಕೈ ನಿಲ್ಲುತ್ತದೆ, ಶಟ್ಟೆವ್ವ ನನ್ನ ಹೊಟ್ಟೆ ನೋಡುವುದಿಲ್ಲ, ಮೇಲೆ ನೋಡುತ್ತಾಳೆ, ಬಂದಾಗಿಂದ ಅದನ್ನ ನೋಡಾಕತ್ತಿ, ನನಗ ತಿಳಿಯಂಗಿಲ್ಲೇನ, ನನ್ನ ನಾಕೂ ಮಕ್ಕಳನ್ನ ಅಲ್ಲೇ ತೂಗೇನಿ, ತೊಟ್ಟಿಲದಾಗ ಇರೋರ ತಲಿ ನಾ ಎಣಸಂಗಿಲ್ಲ, ನಡದು ಹೋಗಿ ನಲ್ಲಿ ತಿರುವಿದ ದಿನ ಎಣಸ್ತೇನಿ. ನಗಬೇಕೋ ಅಳಬೇಕೋ, ಶಟ್ಟೆವ್ವ ಕೊಟ್ಟ ಬೀಗದ ಕೈ ಅಂಗೈಯಲ್ಲಿ ತಣ್ಣಗೆ ಕುಳಿತಿದೆ, ನಾಸಿರರಿಗೆ ಫೋನು ಮಾಡಬೇಕು, ತೊಟ್ಟಿಲಿಗೆ ಹಗ್ಗ ತರಲು ಹೇಳಬೇಕು, ಈಗಲೇ ಯಾಕೆ ಹಗ್ಗ ಎಂದು ನಗುತ್ತಾರೆ, ನಗಲಿ, ಗಟ್ಟಿ ಇದೆಯೋ ಇಲ್ಲವೋ ಒಮ್ಮೆ ಜಗ್ಗಿ ನೋಡಬೇಕು, ಬೇಡ, ನಾಲ್ಕು ಮಕ್ಕಳನ್ನು ಹೊತ್ತದ್ದು, ಗಟ್ಟಿಯೇ ಇರುತ್ತದೆ, ಕೊಂಡಿ, ಒಳಮೈ ಬೆಳ್ಳಗೆ ಸವೆದ ಆ ಕೊಂಡಿ