ಜಾಲರಿ ಬಾಗಿಲು

ಬೇವಿನ ಹಲಗೆಯ ಕಹಿ ವಾಸನೆ ಮೂಗಿಗೆ ಬಿದ್ದರೆ ಸಾಕು, ಕುರುಗೋಡಿನ ನಮ್ಮ ಅಡುಗೆಮನೆ ಕಣ್ಮುಂದೆ ಬರುತ್ತದೆ. ಸ್ವಾತಂತ್ರ್ಯ ಬಂದ ಮರುವರ್ಷ ಅಲ್ಲಿಗೆ ಹೊಸ ಅಲಮಾರು ಬಂತು. ಅದಕ್ಕೆ ಹಲಗೆ ಬಾಗಿಲು ಹಾಕಿ ಬೀಗ ಕೂರಿಸಬೇಕೆಂದು ಅಪ್ಪನ ಹಟ. ಬಡಗಿ ಮೌನೇಶಾಚಾರಿಯ ಮುಂದೆಯೇ ಅವ್ವ ರೇಗಿದಳು.

"ರೊಟ್ಟಿಗೆ ಬೀಗ ಹಾಕ್ತೀರೇನ್ರಿ? ಆಚಾರ್ರೇ, ನೀವು ತಂತಿ ಜಾಲರಿ ಬಡೀರಿ. ಹಸದು ಬಂದವ್ರು ಬಾಯಿಬಿಟ್ಟು ಕೇಳಬಾರದು. ರೊಟ್ಟಿ ಐತಿ ಅಂತ ಕಣ್ಣಿಗೇ ಕಾಣಬೇಕು."

ಜಾಲರಿಯೇ ಬಂತು. ಪಕ್ಕದ ಮನೆಯ ಗಂಗಕ್ಕ ಹೊಸ್ತಿಲಲ್ಲಿ ನಿಂತು ಅದರತ್ತ ಕಣ್ಣು ಹಾಯಿಸಿದರೆ, ಅವ್ವ ಮಾತಿಲ್ಲದೆ ಎರಡು ರೊಟ್ಟಿ ತೆಗೆದು ಅವಳ ಸೆರಗಿಗೆ ಹಾಕುತ್ತಿದ್ದಳು. ನನ್ನ ಪಾಲಿನ ರೊಟ್ಟಿ ಹೋಯಿತೆಂದು ನನಗೆ ಆ ಹೆಂಗಸಿನ ಮೇಲೆ ಕೆಟ್ಟ ಸಿಟ್ಟು.

ಒಂದು ಬೇಸಿಗೆಯಲ್ಲಿ ಅಪ್ಪ ಜ್ವರ ಬಂದು ಮಲಗಿದ. ಮನೆಯಲ್ಲಿ ಜೋಳ ಮುಗಿಯಿತು. ಅವ್ವ ಹಳೆಯ ಸೀರೆ ಹರಿದು ಜಾಲರಿಗೆ ಪರದೆ ಕಟ್ಟಿದಳು.

ಮರುದಿನ ಗಂಗಕ್ಕ ಬಂದಳು. ಏನನ್ನೂ ಕೇಳದೆ ಪರದೆ ಸರಿಸಿ, ಬಾಗಿಲು ತೆಗೆದು, ತನ್ನ ಮನೆಯ ಬಿಸಿ ರೊಟ್ಟಿಗಳನ್ನು ಒಳಗಿಟ್ಟಳು. ಅವ್ವ ತಲೆ ತಗ್ಗಿಸಿದಳು.

"ಪರದಿ ಕಟ್ಟಿದ್ರ ನನಗ ತಿಳಿಯಂಗಿಲ್ಲೇನು, ಹೊನ್ನೂರಮ್ಮ? ರೊಟ್ಟಿ ಇದ್ದ ದಿನ ನೀ ಯಾವತ್ತಾರ ಮುಚ್ಚಿದ್ದಿಯೇನು?"